ಎರಡು ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಸಮಯ ಲೆಕ್ಕ ಹಾಕುವುದು ಹೇಗೆ?

ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಸಮಯ ಸಿಕ್ಕಿತು ಎಂದುಕೊಳ್ಳುವವರೇ ಹೆಚ್ಚು. ಹತ್ತು ಗಂಟೆಯ ಹಾರಾಟಕ್ಕೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಮುನ್ನೂರು-ನಾನೂರು ಕಿಲೋಮೀಟರಿನ ಮಾರ್ಗಕ್ಕೆ ಖಂಡಿತ ಸರಿಹೋಗದು.

ಮೊದಲು ದೂರ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. 15°30′ ಎಂದರೆ 15.5, 15.30 ಅಲ್ಲ. ಈ ಒಂದು ತಪ್ಪೇ 22 ಕಿ.ಮೀ. ವ್ಯತ್ಯಾಸ ತರುತ್ತದೆ. ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಮೈನಸ್ ಚಿಹ್ನೆ ಹಾಕಿ.

ಒಂದು ನಿಲ್ದಾಣ 15.5° ಉತ್ತರ, 75° ಪೂರ್ವದಲ್ಲಿ, ಇನ್ನೊಂದು 18° ಉತ್ತರ, 77.25° ಪೂರ್ವದಲ್ಲಿ ಇದೆ ಎನ್ನಿ. ಅಕ್ಷಾಂಶದ ಅಂತರ 2.5, ಅದನ್ನು 111.2ರಿಂದ (ಒಂದು ಡಿಗ್ರಿ ಅಕ್ಷಾಂಶಕ್ಕೆ ಅಷ್ಟು ಕಿ.ಮೀ.) ಗುಣಿಸಿದರೆ 278 ಕಿ.ಮೀ. ರೇಖಾಂಶದ ಅಂತರ 2.25. ಧ್ರುವದತ್ತ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಇದನ್ನು 111.2ರ ಜೊತೆಗೆ ಸರಾಸರಿ ಅಕ್ಷಾಂಶದ (16.75°) ಕೊಸೈನ್ 0.9576ರಿಂದಲೂ ಗುಣಿಸಬೇಕು: 240 ಕಿ.ಮೀ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 367 ಕಿ.ಮೀ., ಅಂದರೆ 198 ನಾಟಿಕಲ್ ಮೈಲು (ವಿಮಾನಯಾನದಲ್ಲಿ ಬಳಸುವ ಅಳತೆ; ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.). ಇಷ್ಟು ಕಡಿಮೆ ದೂರಕ್ಕೆ, ಭೂಮಿ ಗುಂಡಗಿರುವುದನ್ನು ಲೆಕ್ಕಕ್ಕೆ ತರುವ ಹ್ಯಾವರ್‌ಸೈನ್ ಸೂತ್ರವೂ ಇದೇ ಉತ್ತರ ಕೊಡುತ್ತದೆ. ದೂರದ ಮಾರ್ಗಕ್ಕೆ ಮಾತ್ರ ಹ್ಯಾವರ್‌ಸೈನನ್ನೇ ಬಳಸಿ. ಸ್ಪ್ರೆಡ್‌ಶೀಟಿನಲ್ಲಾದರೆ ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಲು ಮರೆಯಬೇಡಿ.

ವಿಮಾನ ಈ ನೇರ ಗೆರೆಯ ಮೇಲೆ ಹಾರುವುದಿಲ್ಲ. ಗಾಳಿಗೆ ಎದುರಾಗಿ ಏರಬೇಕು, ನಿಗದಿತ ವಾಯುಮಾರ್ಗ ಹಿಡಿಯಬೇಕು, ಇಳಿಯುವ ರನ್‌ವೇಯ ದಿಕ್ಕಿಗೆ ಸುತ್ತಿ ಬರಬೇಕು. ಅದಕ್ಕಾಗಿ ಸುಮಾರು ಶೇ. 10 ಸೇರಿಸಿ: 404 ಕಿ.ಮೀ., 218 ನಾಟಿಕಲ್ ಮೈಲು.

ಈಗ ಸಮಯ. ಎಟಿಆರ್ 72ರಂಥ ಟರ್ಬೊಪ್ರಾಪ್ (ಪ್ರೊಪೆಲ್ಲರ್ ಇರುವ ವಿಮಾನ) ಸುಮಾರು 275 ನಾಟ್, ಅಂದರೆ ಗಂಟೆಗೆ 275 ನಾಟಿಕಲ್ ಮೈಲು ವೇಗದಲ್ಲಿ ಹಾರುತ್ತದೆ. 218 ಮೈಲಿಗೆ 48 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ ಇರುವುದರಿಂದ 8ರಿಂದ 10 ನಿಮಿಷ ಕೂಡಿಸಿ. ಎರಡೂ ಕಡೆಯ ಟ್ಯಾಕ್ಸಿಗೆ (ವಿಮಾನ ನಿಲ್ಲುವ ಜಾಗಕ್ಕೂ ರನ್‌ವೇಗೂ ನಡುವೆ ನೆಲದ ಮೇಲೆ ಚಲಿಸುವುದಕ್ಕೆ) ಒಟ್ಟು 10ರಿಂದ 15 ನಿಮಿಷ. ಬ್ಲಾಕ್ ಟೈಮ್, ಅಂದರೆ ಗಾಲಿ ಹೊರಟಾಗಿನಿಂದ ಮತ್ತೆ ನಿಲ್ಲುವವರೆಗಿನ ಅವಧಿ, 1 ಗಂಟೆ 10 ನಿಮಿಷದ ಆಸುಪಾಸು. ವೇಳಾಪಟ್ಟಿಯಲ್ಲಿ ಇರುವುದು ಇದೇ ಅವಧಿ; ವಿಳಂಬಕ್ಕೆಂದು ಕಂಪನಿಗಳು ಅದಕ್ಕೆ ಇನ್ನಷ್ಟು ನಿಮಿಷ ಸೇರಿಸಿರುತ್ತವೆ.

ಜೆಟ್ ವಿಮಾನದ ವೇಗ 450 ನಾಟ್. ಹಾಗೆಂದು ಅರ್ಧ ಸಮಯ ಉಳಿಯುವುದಿಲ್ಲ. ಪ್ರತಿ 1,000 ಅಡಿ ಇಳಿಯಲು ಸುಮಾರು 3 ನಾಟಿಕಲ್ ಮೈಲು ಬೇಕು. 35,000 ಅಡಿಯಿಂದ ಇಳಿಯುವುದಕ್ಕೇ 105 ಮೈಲು ಹೋಗುತ್ತದೆ, ಏರಲು ಹತ್ತಿರಹತ್ತಿರ ಅಷ್ಟೇ. ಪೂರ್ಣ ವೇಗದಲ್ಲಿ ಹಾರಲು ದಾರಿಯೇ ಉಳಿಯದೆ ಜೆಟ್ ಕಡಿಮೆ ಎತ್ತರದಲ್ಲೇ ಹಾರುತ್ತದೆ. ಇಂಥ ಮಾರ್ಗದಲ್ಲಿ ಅದು ಉಳಿಸುವುದು ಹತ್ತು-ಹದಿನೈದು ನಿಮಿಷ ಅಷ್ಟೆ.

ಗಾಳಿಯನ್ನೂ ಲೆಕ್ಕಕ್ಕೆ ತನ್ನಿ. 40 ನಾಟ್ ಎದುರುಗಾಳಿ ಇದ್ದರೆ ಅದೇ ಟರ್ಬೊಪ್ರಾಪ್‌ನ ವೇಗ ನೆಲಕ್ಕೆ ಹೋಲಿಸಿದಾಗ 235 ನಾಟ್‌ಗೆ ಇಳಿದು 8 ನಿಮಿಷ ಹೆಚ್ಚು ಹಿಡಿಯುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿದ್ದರೂ ಉಳಿಯುವುದು 6 ನಿಮಿಷ, ಏಕೆಂದರೆ ವೇಗ ಕಡಿಮೆಯಾದಷ್ಟೂ ಗಾಳಿಗೆ ಸಿಕ್ಕುವ ಹೊತ್ತು ಹೆಚ್ಚು. ಆದ್ದರಿಂದ ಹೋಗುವ, ಬರುವ ಸಮಯಗಳನ್ನು ಬೇರೆಬೇರೆಯಾಗಿಯೇ ಲೆಕ್ಕ ಹಾಕಿ. ನಿಲ್ದಾಣಗಳು ಬೇರೆ ಕಾಲವಲಯದಲ್ಲಿದ್ದರೆ, ಟಿಕೆಟ್ಟಿನಲ್ಲಿರುವುದು ಆಯಾ ಸ್ಥಳದ ಸಮಯವಾದ್ದರಿಂದ, ಆ ವ್ಯತ್ಯಾಸವನ್ನು ಮೊದಲು ಸರಿಪಡಿಸಿ ಆಮೇಲೆ ಹೋಲಿಸಿ.