ಗ್ಯಾರೇಜ್ ಬಾಗಿಲಿನ ಆರೈಕೆ: ಅಮೆರಿಕದಲ್ಲಿ ಮನೆ ಮಾಡಿರುವ ಕನ್ನಡಿಗರಿಗಾಗಿ

ಊರಿನಲ್ಲಿ ಗೇಟಿನ ಕೀಲಿಗೆ ಆಗಾಗ ನಾಲ್ಕು ಹನಿ ಎಣ್ಣೆ ಬಿಟ್ಟು ಅಭ್ಯಾಸವಿರುವ ನಾವು ಅಮೆರಿಕದಲ್ಲಿ ಮನೆ ಕೊಂಡಾಗ ಮಾಡಿನಿಂದ ಹುಲ್ಲುಹಾಸಿನವರೆಗೆ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತೇವೆ. ಗ್ಯಾರೇಜ್ ಬಾಗಿಲನ್ನು ಮಾತ್ರ ಗುಂಡಿ ಒತ್ತಿದರೆ ಏಳುವ ವಸ್ತುವೆಂದು ಅದರ ಪಾಡಿಗೆ ಬಿಟ್ಟುಬಿಡುತ್ತೇವೆ. ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರವಿದ್ದು, ಮನೆಯಲ್ಲಿ ಚಲಿಸುವ ವಸ್ತುಗಳ ಪೈಕಿ ಅಷ್ಟು ದೊಡ್ಡದು, ಅಷ್ಟು ಭಾರದ್ದು ಬೇರೊಂದಿಲ್ಲ. ಮಕ್ಕಳು ಸೈಕಲ್ ತಳ್ಳಿಕೊಂಡು ಹೋಗುವುದು ಅದರ ಕೆಳಗೇ, ಊರಿನಿಂದ ಬಂದ ಅಪ್ಪ ಅಮ್ಮ ವಾಕಿಂಗ್ ಮುಗಿಸಿ ಒಳಗೆ ಬರುವುದೂ ಅದೇ ದಾರಿಯಲ್ಲಿ.

ಬಾಗಿಲನ್ನು ಎತ್ತುವುದು ಚಾವಣಿಗೆ ತೂಗುಹಾಕಿರುವ ಮೋಟರ್ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾಗಿ ಆ ಭಾರವನ್ನು ಹೊರುವುದು ಬಾಗಿಲಿನ ಮೇಲ್ಭಾಗದಲ್ಲಿ ಉಕ್ಕಿನ ದಂಡಕ್ಕೆ ಸುತ್ತಿಕೊಂಡಿರುವ ಸ್ಪ್ರಿಂಗು. ಏತದ ಹಿಂತುದಿಗೆ ಕಟ್ಟಿದ ಕಲ್ಲು ನೀರಿನ ಭಾರವನ್ನು ಸರಿದೂಗಿಸುವಂತೆ, ಬಿಗಿಯಾಗಿ ತಿರುಚಿಟ್ಟ ಈ ಸ್ಪ್ರಿಂಗು ಬಾಗಿಲಿನ ಭಾರವನ್ನು ಸರಿದೂಗಿಸುತ್ತದೆ. ಮೋಟರು ಮಾಡುವುದು ಮೇಲೆ ಕೆಳಗೆ ನಡೆಸುವ ಕೆಲಸವನ್ನಷ್ಟೇ. ಸಾಧಾರಣ ಸ್ಪ್ರಿಂಗುಗಳನ್ನು ಸುಮಾರು 10,000 ಸುತ್ತುಗಳಿಗೆ ತಯಾರಿಸಿರುತ್ತಾರೆ. ಬಾಗಿಲು ಒಮ್ಮೆ ತೆರೆದು ಮುಚ್ಚಿದರೆ ಒಂದು ಸುತ್ತು. ದಿನಕ್ಕೆ ನಾಲ್ಕು ಸಲ ಬಳಸುವ ಮನೆಯಲ್ಲಿ ಏಳು ವರ್ಷ ತುಂಬುವ ಹೊತ್ತಿಗೆ ಅದರ ಆಯುಸ್ಸು ಮುಗಿಯುತ್ತದೆ ಎಂದು ಇಟ್ಟುಕೊಳ್ಳಬಹುದು.

ಆದ್ದರಿಂದ ಆರೈಕೆ ಶುರುವಾಗಬೇಕಾದದ್ದು ಸಮತೋಲನದ ಪರೀಕ್ಷೆಯಿಂದ. ಬಾಗಿಲನ್ನು ಪೂರ್ತಿ ಮುಚ್ಚಿ, ಸ್ಪ್ರಿಂಗು ಮತ್ತು ಎರಡು ಬದಿಯ ತಂತಿಹಗ್ಗಗಳು ಸರಿಯಾಗಿವೆಯೇ ಎಂದು ಕಣ್ಣಿನಿಂದ ನೋಡಿಕೊಂಡು, ಮೋಟರಿನ ಹಳಿಯಿಂದ ಇಳಿಬಿದ್ದಿರುವ ಕೆಂಪು ಹಿಡಿಯ ಹಗ್ಗವನ್ನು ಎಳೆದರೆ ಮೋಟರಿಗೂ ಬಾಗಿಲಿಗೂ ಇರುವ ಕೊಂಡಿ ಬಿಡುತ್ತದೆ. ಆಮೇಲೆ ಬಾಗಿಲನ್ನು ಕೈಯಿಂದಲೇ ನಿಧಾನವಾಗಿ ಎತ್ತಬೇಕು. ಅದು ಹೆಚ್ಚು ಶ್ರಮವಿಲ್ಲದೆ ಏಳಬೇಕು, ಅರ್ಧಕ್ಕೆ ತಂದು ಕೈಯ ಹಿಡಿತ ಸಡಿಲಿಸಿದಾಗ ಅಲ್ಲೇ ನಿಲ್ಲಬೇಕು. ಕೆಳಗೆ ಜಾರಿದರೆ ಸ್ಪ್ರಿಂಗಿನ ಬಲ ಕುಂದಿದೆ, ತಾನಾಗಿ ಮೇಲಕ್ಕೆ ಹೋದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಬಾಗಿಲು ಮೇಲಿರುವಾಗ ಮಾತ್ರ ಆ ಕೆಂಪು ಹಗ್ಗಕ್ಕೆ ಕೈ ಹಾಕಬಾರದು. ಸ್ಪ್ರಿಂಗು ತುಂಡಾಗಿದ್ದರೆ ಇಡೀ ಬಾಗಿಲು ಒಮ್ಮೆಲೇ ಕೆಳಗೆ ಅಪ್ಪಳಿಸುತ್ತದೆ.

ಸಮತೋಲನ ತಪ್ಪಿದೆ ಎಂದು ತಿಳಿದ ಮೇಲೆ ಮನೆಯವರ ಕೆಲಸ ಅಲ್ಲಿಗೆ ಮುಗಿಯಿತು. ಸ್ಪ್ರಿಂಗನ್ನಾಗಲಿ, ತಂತಿಹಗ್ಗವನ್ನಾಗಲಿ, ಆ ಹಗ್ಗ ಸಿಕ್ಕಿಸಿರುವ ಬಾಗಿಲಿನ ಬುಡದ ಬ್ರಾಕೆಟ್ಟನ್ನಾಗಲಿ ಸಡಿಲಿಸುವ ಪ್ರಯತ್ನ ಖಂಡಿತ ಬೇಡ. ತಿರುಚಿಟ್ಟ ಬಲ ಒಮ್ಮೆಲೇ ಬಿಡುಗಡೆಯಾದಾಗ ಕೈಮೂಳೆ ಮುರಿಯುವುದಿರಲಿ, ಪ್ರಾಣಕ್ಕೇ ಅಪಾಯವಿದೆ. ವಿಡಿಯೋ ನೋಡಿ ಕಲಿಯಬಹುದಾದ ಕೆಲಸ ಇದಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ತಿಂಗಳಿಗೊಮ್ಮೆ ತಪ್ಪದೆ ಮಾಡಬೇಕಾದದ್ದು ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ ಎರಡು ಪರೀಕ್ಷೆಗಳು. ಮಕ್ಕಳು ಬಾಗಿಲಿನಡಿ ಸಿಕ್ಕಿಕೊಂಡು ಸತ್ತ ಪ್ರಕರಣಗಳ ಕಾರಣದಿಂದಲೇ, 1993ರಿಂದ ಅಮೆರಿಕದ ಮಾರುಕಟ್ಟೆಗೆ ತಯಾರಾಗುವ ಮನೆಬಳಕೆಯ ಮೋಟರುಗಳಿಗೆ ಅಡ್ಡಿ ಸಿಕ್ಕರೆ ಹಿಂದಿರುಗುವ ವ್ಯವಸ್ಥೆಯ ಜೊತೆಗೆ, ಅಡ್ಡ ಬಂದದ್ದನ್ನು ಬೆಳಕಿನ ಕಿರಣದಿಂದ ಗುರುತಿಸುವ ಸೆನ್ಸರಿನಂಥ ಇನ್ನೊಂದು ರಕ್ಷಣೆಯೂ ಕಡ್ಡಾಯವಾಗಿದೆ. ದ್ವಾರದ ಎರಡು ಬದಿಯಲ್ಲಿ, ನೆಲದಿಂದ 6 ಇಂಚಿಗಿಂತ ಮೇಲಿರದಂತೆ ಕೂರಿಸಿರುವ ಸೆನ್ಸರಿನ ಪುಟ್ಟ ಕಣ್ಣುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಾಗಿಲು ಇಳಿಯುತ್ತಿರುವಾಗ ದೂರ ನಿಂತು ಪೊರಕೆಯ ಹಿಡಿಯನ್ನು ಅವುಗಳ ನಡುವೆ ಅಡ್ಡ ಹಿಡಿಯಬೇಕು. ಬಾಗಿಲು ಕೂಡಲೇ ಮೇಲಕ್ಕೆ ತಿರುಗಬೇಕು. ಎರಡನೆಯದಾಗಿ, ಒಂದೂವರೆ ಇಂಚು ದಪ್ಪದ ಮರದ ತುಂಡೊಂದನ್ನು ದ್ವಾರದ ನಡುವೆ ನೆಲದ ಮೇಲೆ ಅಡ್ಡಡ್ಡ ಮಲಗಿಸಿ ಬಾಗಿಲು ಇಳಿಸಿದರೆ, ಅದು ಮರಕ್ಕೆ ತಾಗಿದೊಡನೆ ಹಿಂದಿರುಗಬೇಕು. ಒಂದು ಜೇಡರ ಬಲೆಯಿಂದಲೂ ಸೆನ್ಸರ್ ಕೆಲಸ ನಿಲ್ಲಿಸಬಹುದು. ಆಗ ಗೋಡೆಯ ಗುಂಡಿಯನ್ನು ಒತ್ತಿ ಹಿಡಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆಂದು ಗೊತ್ತಾಗಿ, ತಿಂಗಳುಗಟ್ಟಲೆ ಹಾಗೇ ನಡೆಸಿಕೊಂಡು ಹೋಗುವುದು ಎಲ್ಲಕ್ಕಿಂತ ಕೆಟ್ಟ ರೂಢಿ.

ಎಣ್ಣೆ ಹಾಕುವ ಕೆಲಸ ವರ್ಷಕ್ಕೆರಡು ಸಲ ಸಾಕು. ಲಿಥಿಯಂ ಗ್ರೀಸ್ ಅಥವಾ ಸಿಲಿಕೋನ್ ಸ್ಪ್ರೇಯನ್ನು ಹಿಂಜುಗಳಿಗೆ, ಉಕ್ಕಿನ ರೋಲರುಗಳ ಬೇರಿಂಗಿಗೆ, ಸ್ಪ್ರಿಂಗಿನ ಮೇಲೆ ತೆಳ್ಳಗೆ ಹೊಡೆಯಬೇಕು. ಮನೆಯಲ್ಲಿ ಸದಾ ಇರುವ ಮಾಮೂಲಿ ಡಬ್ಲ್ಯುಡಿ-40 ಸ್ಪ್ರೇ ಹಿಡಿದ ತುಕ್ಕನ್ನು ಬಿಡಿಸಲು ಒಳ್ಳೆಯದೇ, ಆದರೆ ಇಲ್ಲಿ ಬಹಳ ದಿನ ಉಳಿಯುವುದಿಲ್ಲ. ರೋಲರ್ ಓಡುವ ಹಳಿಗೆ ಎಣ್ಣೆ ಹಾಕಬಾರದು, ಧೂಳು ಅಂಟಿ ಕೆಸರಾಗುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಅದುರಿ ಸಡಿಲಗೊಂಡ ಹಿಂಜಿನ ಬೋಲ್ಟುಗಳನ್ನು ಅದೇ ದಿನ ಬಿಗಿ ಮಾಡಿಕೊಳ್ಳಬಹುದು.

ಮಿಚಿಗನ್, ಮಿನೆಸೋಟದಂಥ ಹಿಮದ ನಾಡಿನಲ್ಲಿರುವವರು ಬಾಗಿಲಿನ ಬುಡದ ರಬ್ಬರ್ ಪಟ್ಟಿಗೂ ಚಳಿಗಾಲಕ್ಕೆ ಮುಂಚೆ ಸಿಲಿಕೋನ್ ಸವರಬೇಕು. ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿದಾಗ ಪಟ್ಟಿ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಬೆಳಿಗ್ಗೆ ಅವಸರದಲ್ಲಿ ಗುಂಡಿ ಒತ್ತಿದರೆ ರಬ್ಬರ್ ಹರಿದು, ಆ ಸಂದಿಯಿಂದ ಚಳಿಯ ಜೊತೆ ಇಲಿಯೂ ಒಳಗೆ ಬರುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಬೇರೆ ಕೆಲಸವಿದೆ. ಕಾಡ್ಗಿಚ್ಚಿನಲ್ಲಿ ಕರೆಂಟು ಹೋಗಿ ಬಾಗಿಲು ತೆರೆಯಲಾಗದೆ ಜನ ಸಿಕ್ಕಿಬಿದ್ದ ಬಳಿಕ, 2019ರ ಜುಲೈನಿಂದ ಅಲ್ಲಿ ಹೊಸದಾಗಿ ಹಾಕುವ ಮೋಟರಿಗೆ ಬ್ಯಾಟರಿ ಇರಲೇಬೇಕು. ಆ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸವೆಯುವುದರಿಂದ, ಪ್ಲಗ್ ಕಿತ್ತು ಬಾಗಿಲು ಏಳುತ್ತದೆಯೇ ಎಂದು ಆಗಾಗ ನೋಡಬೇಕು. ಕೆಂಪು ಹಗ್ಗ ಎಳೆದು ಕೈಯಿಂದ ತೆರೆಯುವುದನ್ನು ಮನೆಯ ದೊಡ್ಡವರೆಲ್ಲ ಕಲಿತಿರಬೇಕು.

ಒಂದು ದಿನ ಗ್ಯಾರೇಜಿನಿಂದ ದೊಡ್ಡ ಸದ್ದು ಕೇಳಿ, ಸ್ಪ್ರಿಂಗಿನ ಸುರುಳಿಯ ನಡುವೆ ಸಂದಿ ಕಂಡರೆ, ಮೋಟರನ್ನು ಮತ್ತೆ ಮತ್ತೆ ಒತ್ತಿ ನೋಡದೆ ರಿಪೇರಿಯವರನ್ನು ಕರೆಸಬೇಕು. ಎರಡು ಸ್ಪ್ರಿಂಗುಗಳಿದ್ದು ಒಂದೇ ತುಂಡಾಗಿದ್ದರೂ ಎರಡನ್ನೂ ಬದಲಿಸುವುದು ಮೇಲು, ಏಕೆಂದರೆ ಉಳಿದದ್ದೂ ಅಷ್ಟೇ ಸುತ್ತು ತಿರುಗಿ ಸವೆದಿರುತ್ತದೆ. 20,000 ಸುತ್ತು ಬಾಳುವ ಸ್ಪ್ರಿಂಗುಗಳೂ ಸಿಗುತ್ತವೆ. ಬೆಲೆ ತುಸು ಹೆಚ್ಚಾದರೂ, ಆ ಮನೆಯಲ್ಲಿ ಬಹುಕಾಲ ಇರುವವರು ಅದನ್ನೇ ಕೇಳಿ ಹಾಕಿಸಿಕೊಳ್ಳಬೇಕು.