ವಿಕ್ಕಾದ ಎಂಟು ಋತುಹಬ್ಬಗಳು: ತಾರೀಖು ಹಿಡಿಯುವುದರಿಂದ ಬೆಂಕಿ ಆರಿಸುವವರೆಗೆ

ವಿಕ್ಕಾ ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡ, ನಿಸರ್ಗವನ್ನು ಆರಾಧಿಸುವ ಧರ್ಮ. ಅದರ ವರ್ಷಚಕ್ರದಲ್ಲಿ ಎಂಟು ಹಬ್ಬಗಳಿವೆ. ಇವನ್ನು ಸ್ಯಾಬತ್ ಎನ್ನುತ್ತಾರೆ. ಯೂಲ್, ಓಸ್ಟಾರಾ, ಲಿಥಾ, ಮೇಬನ್ ಈ ನಾಲ್ಕು ಸೂರ್ಯನ ಲೆಕ್ಕದವು: ಯೂಲ್ ವರ್ಷದ ಅತಿ ಚಿಕ್ಕ ಹಗಲಿಗೆ, ಲಿಥಾ ಅತಿ ದೀರ್ಘ ಹಗಲಿಗೆ, ಓಸ್ಟಾರಾ ಮತ್ತು ಮೇಬನ್ ವಸಂತ, ಶರತ್ಕಾಲಗಳಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳಿಗೆ. ಸಾವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸಾ ಅವುಗಳ ನಡುನಡುವೆ ಬರುತ್ತವೆ. ಎಂಟೂ ಹಬ್ಬಗಳ ಚಕ್ರ ಪ್ರಾಚೀನ ಕಾಲದಿಂದ ಇಡಿಯಾಗಿ ಉಳಿದು ಬಂದಿದೆ ಎಂದು ನಂಬುವವರಿದ್ದಾರೆ, ಅದು ಸರಿಯಲ್ಲ. ಬಿಡಿ ಹಬ್ಬಗಳಲ್ಲಿ ಹಲವು ಹಳೆಯವೇ. ಎಲ್ಲವನ್ನೂ ಒಂದೇ ಚಕ್ರಕ್ಕೆ ಪೋಣಿಸಿದ್ದು 1950ರ ದಶಕದ ಇಂಗ್ಲೆಂಡಿನಲ್ಲಿ, ವಿಕ್ಕಾದ ಸ್ಥಾಪಕರೆನಿಸಿದ ಜೆರಾಲ್ಡ್ ಗಾರ್ಡ್‌ನರ್ ಮತ್ತು ಅವರ ಸುತ್ತಲಿನವರು. ಓಸ್ಟಾರಾ, ಲಿಥಾ, ಮೇಬನ್ ಎಂಬ ಹೆಸರುಗಳನ್ನು ಈ ಹಬ್ಬಗಳಿಗೆ ಇಟ್ಟವರು ಅಮೆರಿಕದ ಏಡನ್ ಕೆಲ್ಲಿ, ಅದೂ 1970ರ ದಶಕದಲ್ಲಿ. ಹಾಗಾಗಿ ‘ಹೀಗೇ ಆಗಬೇಕು’ ಎನ್ನುವ ಕಟ್ಟಳೆ ಇಲ್ಲಿ ಕಡಿಮೆ. ನೀವೊಂದು ಕವೆನ್‌ಗೆ, ಅಂದರೆ ವಿಕ್ಕಾ ಆಚರಿಸುವವರ ಸಣ್ಣ ಗುಂಪಿಗೆ, ಸೇರಿದ್ದರೆ ಅಲ್ಲಿಯ ಪದ್ಧತಿಯೇ ನಡೆಯಲಿ.

ಮೊದಲು ತಾರೀಖು

ನಡುವಿನ ನಾಲ್ಕಕ್ಕೆ ತಾರೀಖು ಗೊತ್ತಾಗಿದೆ: ಸಾವಿನ್ ಅಕ್ಟೋಬರ್ 31, ಇಂಬೋಲ್ಕ್ ಫೆಬ್ರವರಿ 1, ಬೆಲ್ಟೇನ್ ಮೇ 1, ಲೂನಸಾ ಆಗಸ್ಟ್ 1. ಹಬ್ಬ ಸೂರ್ಯಾಸ್ತಕ್ಕೆ ಶುರುವಾಗಿ ಮರುದಿನದ ಸೂರ್ಯಾಸ್ತಕ್ಕೆ ಮುಗಿಯುತ್ತದೆ ಎಂದು ಲೆಕ್ಕ ಹಿಡಿಯುವವರು ಬೆಲ್ಟೇನ್ ಬೆಂಕಿಯನ್ನು ಏಪ್ರಿಲ್ 30ರ ಸಂಜೆಯೇ ಹೊತ್ತಿಸುತ್ತಾರೆ. ಸೂರ್ಯನ ನಾಲ್ಕು ಮಾತ್ರ ವರ್ಷ ವರ್ಷಕ್ಕೆ ಒಂದೆರಡು ದಿನ ಆಚೀಚೆ ಸರಿಯುತ್ತವೆ. ಖಗೋಳ ಪಂಚಾಂಗಗಳು ಆ ಗಳಿಗೆಯನ್ನು ಸಾಮಾನ್ಯವಾಗಿ ಗ್ರೀನಿಚ್ ವೇಳೆಯಲ್ಲಿ ಕೊಡುತ್ತವೆ. ನಿಮ್ಮ ವೇಳೆಗೆ ಬದಲಾಯಿಸಿಕೊಳ್ಳದಿದ್ದರೆ ಒಂದು ದಿನ ತಪ್ಪುವುದು ಸುಲಭ. ದಕ್ಷಿಣ ಗೋಳಾರ್ಧದಲ್ಲಿ ಬಹುತೇಕರು ಚಕ್ರವನ್ನು ಆರು ತಿಂಗಳು ತಿರುಗಿಸಿಕೊಳ್ಳುತ್ತಾರೆ: ಯೂಲ್ ಜೂನ್‌ನಲ್ಲಿ, ಲಿಥಾ ಡಿಸೆಂಬರ್‌ನಲ್ಲಿ.

ಎಲ್ಲ ಹಬ್ಬಕ್ಕೂ ಒಂದೇ ಚೌಕಟ್ಟು

ನೆಲ ಗುಡಿಸಿ. ನಡುವೆ ಗೂಟವಿಟ್ಟು ನಾಲ್ಕೂವರೆ ಅಡಿ ದಾರದಿಂದ ವೃತ್ತ ಎಳೆದರೆ ರೂಢಿಯ ಒಂಬತ್ತು ಅಡಿ ಅಗಲ ಸಿಗುತ್ತದೆ. ಒಬ್ಬರೇ ಇದ್ದರೆ ಐದಾರು ಅಡಿ ಧಾರಾಳ. ಪೀಠದ ಮೇಲೆ ಉಪ್ಪು, ನೀರು, ಧೂಪ, ಮೇಣದ ಬತ್ತಿ, ಪಾನಪಾತ್ರೆ, ತಿನಿಸು, ಅಥಾಮೆ ಎಂಬ ಕರಿಹಿಡಿಯ ಚೂರಿ ಇರಲಿ. ನೀರಿಗೆ ಮೂರು ಚಿಟಿಕೆ ಉಪ್ಪು ಹಾಕಿ ವೃತ್ತದುದ್ದಕ್ಕೂ ಚಿಮುಕಿಸಿ, ಆಮೇಲೆ ಧೂಪ ಹಿಡಿದು ಒಂದು ಸುತ್ತು, ಅಥಾಮೆಯ ತುದಿಯನ್ನು ಗೆರೆಯ ಕಡೆ ಚಾಚಿ ಇನ್ನೊಂದು ಸುತ್ತು ಬನ್ನಿ. ಎಲ್ಲ ಸುತ್ತೂ ಸೂರ್ಯ ಸಾಗುವ ದಿಕ್ಕಿನಲ್ಲೇ. ಉತ್ತರ ಗೋಳಾರ್ಧದಲ್ಲಿ ಅದು ಗಡಿಯಾರದ ಮುಳ್ಳಿನ ದಿಕ್ಕು. ನಂತರ ಪೂರ್ವದಲ್ಲಿ ಗಾಳಿ, ದಕ್ಷಿಣದಲ್ಲಿ ಬೆಂಕಿ, ಪಶ್ಚಿಮದಲ್ಲಿ ನೀರು, ಉತ್ತರದಲ್ಲಿ ಭೂಮಿ ಎಂದು ನಾಲ್ಕೂ ದಿಕ್ಕುಗಳನ್ನು ಕರೆದು, ದೇವಿಯನ್ನೂ ದೇವನನ್ನೂ ಆಹ್ವಾನಿಸಿ. ಆ ಹಬ್ಬದ ಮುಖ್ಯ ಕೆಲಸ ಬರುವುದು ಇಲ್ಲಿ. ಅದು ಮುಗಿದ ಮೇಲೆ ಅಥಾಮೆಯ ತುದಿಯನ್ನು ಪಾನಪಾತ್ರೆಯೊಳಗೆ ಇಳಿಸಿ ಪಾನೀಯವನ್ನು ಹರಸಿ, ಎಲ್ಲರೂ ಕುಡಿದು ತಿಂದು, ಒಂದು ಪಾಲನ್ನು ಭೂಮಿಗೆಂದು ಎತ್ತಿಡಿ. ಕೊನೆಗೆ ಕರೆದವರಿಗೆಲ್ಲ ವಂದನೆ ಹೇಳಿ ಬೀಳ್ಕೊಟ್ಟು, ಎದುರು ದಿಕ್ಕಿನಲ್ಲಿ ನಡೆದು ವೃತ್ತ ಬಿಡಿಸಿ.

ಎಡವುವುದು ಮಂತ್ರದಲ್ಲಲ್ಲ, ಸಾಮಾನಿನಲ್ಲಿ. ಬೆಂಕಿಪೊಟ್ಟಣ ಹೊರಗೇ ಉಳಿದಿರುತ್ತದೆ. ಹೊರಗೆ ಹೋಗಲೇಬೇಕಾದರೆ ಅಥಾಮೆಯಿಂದ ಗಾಳಿಯಲ್ಲೊಂದು ಬಾಗಿಲು ‘ಕೊಯ್ದು’, ಬಂದಮೇಲೆ ಮುಚ್ಚುವ ಕ್ರಮವಿದೆ; ಮೂರು ಸಲ ಹಾಗೆ ಓಡಾಡಿದರೆ ಯಾರಿಗೂ ಏಕಾಗ್ರತೆ ಉಳಿಯುವುದಿಲ್ಲ. ಬೆಂಕಿಪೊಟ್ಟಣ, ಬಾಟಲಿ ತೆರೆಯುವ ಸಾಧನ, ಒಂದು ಬಕೆಟ್ ನೀರು ಮೊದಲೇ ಒಳಗಿಡಿ. ಧೂಪದ ಇದ್ದಿಲ ಬಿಲ್ಲೆಯ ಕೆಳಗೆ ಎರಡು ಮೂರು ಸೆಂ.ಮೀ. ಮರಳು ಹರಡದಿದ್ದರೆ ಬಟ್ಟಲು ಕಾದು ಪೀಠದ ಬಟ್ಟೆ ಸುಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಬೇಡವೇ ಬೇಡ, ಅದರಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವೈನ್ ಹುಳಿಯಾದ್ದರಿಂದ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆ ಸಲ್ಲದು. ಉಳಿದ ಉಪ್ಪುನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ.

ಸಾವಿನ್‌ನಿಂದ ಮುಂದಕ್ಕೆ

ಹಲವರಿಗೆ ವರ್ಷ ಶುರುವಾಗುವುದೇ ಸಾವಿನ್‌ನಿಂದ. ಅಗಲಿದವರನ್ನು ನೆನೆಯುವ ಹಬ್ಬ ಇದು. ಮೌನದ ಊಟ ಇದರ ತಿರುಳು. ತೀರಿಕೊಂಡವರಿಗೆಂದು ಒಂದು ತಟ್ಟೆ, ಒಂದು ಕುರ್ಚಿ, ಒಂದು ಬತ್ತಿ ಮೀಸಲಿಟ್ಟು, ಗಂಟೆ ಬಾರಿಸಿದಲ್ಲಿಂದ ಮತ್ತೆ ಬಾರಿಸುವ ತನಕ ಯಾರೂ ಮಾತಾಡದೆ ಉಣ್ಣುತ್ತಾರೆ. ಮೌನ ಮುರಿಯುವುದು ಹೆಚ್ಚಾಗಿ ‘ಉಪ್ಪು ಎಲ್ಲಿ?’ ಎಂಬ ಪ್ರಶ್ನೆಯಿಂದ. ಎಲ್ಲ ಬಡಿಸಿಯೇ ಗಂಟೆ ಬಾರಿಸಿ, ಉಪ್ಪು, ನೀರು ಎಲ್ಲರ ಕೈಗೆಟುಕುವಂತಿರಲಿ. ಮೀಸಲು ತಟ್ಟೆಯನ್ನು ರಾತ್ರಿ ಹೊರಗಿಡುವವರು ಅದರಲ್ಲಿ ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಇರದಂತೆ ನೋಡಿಕೊಳ್ಳಿ. ನಾಯಿಗಳಿಗೆ ಇವು ವಿಷ.

ಯೂಲ್‌ಗೆ ಮರದ ದಿಮ್ಮಿ. ಒಲೆ ಇದ್ದರೆ ಸುಡುತ್ತಾರೆ, ಒಂದು ತುಂಡನ್ನು ಮುಂದಿನ ವರ್ಷದ ದಿಮ್ಮಿ ಹೊತ್ತಿಸಲು ಉಳಿಸುತ್ತಾರೆ. ಒಲೆ ಇಲ್ಲದವರು ಸುಮಾರು 40 ಸೆಂ.ಮೀ. ಉದ್ದದ ದಿಮ್ಮಿಯ ತಳವನ್ನು ಚಪ್ಪಟೆಯಾಗಿ ಕೊಯ್ದು (ಇಲ್ಲದಿದ್ದರೆ ಉರುಳುತ್ತದೆ), ಮೇಲೆ ಬತ್ತಿಯ ದಪ್ಪಕ್ಕೆ ಸರಿಯಾಗಿ 3 ಸೆಂ.ಮೀ. ಆಳದ ಮೂರು ತೂತು ಕೊರೆದು ಬತ್ತಿ ನಿಲ್ಲಿಸಬಹುದು. ಸುತ್ತ ಸಿಂಗರಿಸಿದ ಹಸಿರೆಲೆ ಕೆಲವೇ ದಿನಗಳಲ್ಲಿ ಒಣಗಿ ಬೇಗ ಹೊತ್ತಿಕೊಳ್ಳುತ್ತದೆ, ಬತ್ತಿಯಿಂದ ದೂರವಿರಲಿ. ಸಿಂಗಾರಕ್ಕೆ ಬಳಸುವ ಮಿಸಲ್‌ಟೋ (ಬದನಿಕೆ ಜಾತಿಯ ಗಿಡ) ಹಣ್ಣು ಮಕ್ಕಳ ಬಾಯಿಗೆ ಹೋಗಬಾರದು.

ಇಂಬೋಲ್ಕ್‌ನಲ್ಲಿ ಐರ್ಲೆಂಡಿನ ಬ್ರಿಜಿಡ್ ದೇವಿಯ ಹೆಸರಲ್ಲಿ ಬತ್ತಿಗಳನ್ನು ಹಚ್ಚಿ, ಜೊಂಡಿನ ಶಿಲುಬೆ ಹೆಣೆಯುತ್ತಾರೆ. 30 ಸೆಂ.ಮೀ. ಉದ್ದದ 16ರಿಂದ 20 ಹಸಿ ಕಡ್ಡಿ ಬೇಕು. ಒಣಹುಲ್ಲಾದರೆ ಮಡಿಸುವಾಗ ಮುರಿಯುತ್ತದೆ, ಬಗ್ಗುವವರೆಗೆ ಬೆಚ್ಚನೆಯ ನೀರಲ್ಲಿ ನೆನೆಸಿಕೊಳ್ಳಿ. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಅರ್ಧಕ್ಕೆ ಮಡಿಸಿ ಅದರ ನಡುವಿಗೆ ಸಿಕ್ಕಿಸಿ, ತುದಿಗಳು ಬಲಕ್ಕೆ ಚಾಚಿರಲಿ. ಇಡೀ ಹೆಣಿಗೆಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ; ಬಲಕ್ಕಿದ್ದ ತುದಿಗಳು ಈಗ ಮೇಲಕ್ಕೆ ಬಂದವು. ಮೇಲಕ್ಕೆ ನಿಂತ ಅಷ್ಟನ್ನೂ ಅಪ್ಪುವಂತೆ ಮುಂದಿನ ಕಡ್ಡಿಯನ್ನು ಮಡಿಸಿ ಮತ್ತೆ ಬಲಕ್ಕೆ ಎಳೆಯಿರಿ. ತಿರುಗಿಸು, ಮಡಿಸು, ಬಿಗಿ ಮಾಡು. ಕಡ್ಡಿ ಮುಗಿದ ಮೇಲೆ ನಾಲ್ಕು ತೋಳುಗಳ ತುದಿಯನ್ನೂ ದಾರದಿಂದ ಕಟ್ಟಿ ಸಮಕ್ಕೆ ಕತ್ತರಿಸಿ. ನಡುವಿನ ಚೌಕ ಸಡಿಲವಾದರೆ ಅದನ್ನು ಒತ್ತಿ ಹಿಡಿದ ಹೆಬ್ಬೆರಳನ್ನು ನಡುವೆ ಎತ್ತಿದ್ದೀರಿ ಎಂದೇ ಅರ್ಥ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿದರಂತೂ ಚೌಕವೇ ಮೂಡುವುದಿಲ್ಲ, ಬಿಚ್ಚಿ ಮೊದಲಿಂದ ಹೆಣೆಯಬೇಕು. ಒಣಗಿದಂತೆ ಜೊಂಡು ಕುಗ್ಗುವುದರಿಂದ ಗಂಟನ್ನು ಎರಡು ದಿನ ಬಿಟ್ಟು ಮತ್ತೊಮ್ಮೆ ಬಿಗಿಯಿರಿ.

ಓಸ್ಟಾರಾಕ್ಕೆ ಬೀಜ ಬಿತ್ತನೆ, ಬಣ್ಣದ ಮೊಟ್ಟೆ. ಎಂಟು ಹತ್ತು ಈರುಳ್ಳಿಯ ಒಣಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಎರಡು ಚಮಚ ವಿನೆಗರ್ ಸೇರಿಸಿದರೆ ಕೆಂಗಂದು ಬಣ್ಣ ಸಿದ್ಧ. ಎಣ್ಣೆಗೈ ತಾಗಿದ ಮೊಟ್ಟೆಗೆ ಬಣ್ಣ ಹಿಡಿಯುವುದಿಲ್ಲ.

ಬೆಲ್ಟೇನ್‌ನಲ್ಲಿ ಬೆಂಕಿ ಮತ್ತು ಮೇಪೋಲ್ (ರಿಬ್ಬನ್ ಹಿಡಿದು ಸುತ್ತ ಕುಣಿಯುವ ಕಂಬ), ಎಂಟರಲ್ಲಿ ಹೆಚ್ಚು ತಯಾರಿ ಬೇಡುವುದು ಇದೇ. ನಾಲ್ಕು ಮೀಟರ್ ಕಂಬದಲ್ಲಿ ಒಂದು ಮೀಟರ್ ನೆಲದೊಳಗೆ ಹೂಳಿ, ಸುತ್ತ ಕಲ್ಲು ಜಡಿದು ಮಣ್ಣು ದಮ್ಮಸು ಮಾಡಿ. ಎಲ್ಲರೂ ಒಂದೇ ಕಡೆ ಎಳೆದರೂ ಅಲ್ಲಾಡಬಾರದು. ನೆಲದ ಮೇಲಿನ ಎತ್ತರದ ಒಂದೂವರೆಯಷ್ಟು, ಅಂದರೆ ನಾಲ್ಕೂವರೆ ಮೀಟರ್ ಉದ್ದದ ರಿಬ್ಬನ್‌ಗಳನ್ನು ತುದಿಗೆ ಬಿಗಿದು ಮೊಳೆ ಹೊಡೆಯಿರಿ. ಕುಣಿಯುವವರು ಸಮಸಂಖ್ಯೆಯಲ್ಲೇ ಇರಬೇಕು: ಎಂಟು, ಹತ್ತು, ಹನ್ನೆರಡು. ಒಬ್ಬರು ಬಿಟ್ಟು ಒಬ್ಬರು ಎದುರುಬದುರು ದಿಕ್ಕಿಗೆ ಮುಖ ಮಾಡಿ, ಎದುರಾದ ಮೊದಲನೆಯವರ ರಿಬ್ಬನ್ ಕೆಳಗೆ ನುಸುಳಿ, ಎರಡನೆಯವರ ಮೇಲೆ ದಾಟಿಸಿ, ಮತ್ತೆ ಕೆಳಗೆ. ಒಬ್ಬರು ಎರಡು ಸಲ ಮೇಲೇ ದಾಟಿಸಿದರೆ ಆ ಸಾಲು ಕೆಡುತ್ತದೆ. ಎಲ್ಲರೂ ನಿಂತು ಎರಡು ಹೆಜ್ಜೆ ಹಿಂದೆ ಹೋಗುವುದೇ ಪರಿಹಾರ. ರಿಬ್ಬನ್ ಒಂದು ಮೀಟರ್ ಉಳಿದಾಗ ನಿಲ್ಲಿಸಿ ಗಂಟು ಹಾಕಿ. ಅಗ್ನಿಕುಂಡ ಇಲ್ಲಿಂದ ದೂರವಿರಲಿ, ರಿಬ್ಬನ್‌ಗೆ ಒಂದು ಕಿಡಿ ಸಾಕು.

ಲಿಥಾಕ್ಕೆ ವರ್ಷದ ಅತಿ ದೀರ್ಘ ಹಗಲಿನ ಸೂರ್ಯೋದಯ ನೋಡುವುದು, ಬೆಂಕಿ, ಗಿಡಮೂಲಿಕೆ ಸಂಗ್ರಹ. ಸೇಂಟ್ ಜಾನ್ಸ್ ವರ್ಟ್ ಗಿಡವನ್ನು ಇಬ್ಬನಿ ಆರಿದ ಮೇಲೆ ಕೊಯ್ದು ತೂಗುಹಾಕುತ್ತಾರೆ. ತೂಗುಹಾಕುವುದಕ್ಕಷ್ಟೇ; ಅನೇಕ ಔಷಧಿಗಳ ಕೆಲಸವನ್ನು ಅದು ಕೆಡಿಸುತ್ತದೆ, ಕಷಾಯ ಮಾಡಿ ಕುಡಿಯಬೇಡಿ.

ಲ್ಯಾಮಸ್ ಎಂದೂ ಕರೆಯುವ ಲೂನಸಾ ಮೊದಲ ಕೊಯ್ಲಿನ ಹಬ್ಬ, ಬ್ರೆಡ್ಡಿನ ಹಬ್ಬ. 500 ಗ್ರಾಂ ಹಿಟ್ಟು, 7 ಗ್ರಾಂ ಒಣ ಯೀಸ್ಟ್, 10 ಗ್ರಾಂ ಉಪ್ಪು, 320 ಮಿ.ಲೀ. ಉಗುರುಬೆಚ್ಚಗಿನ ನೀರು. ಹತ್ತು ನಿಮಿಷ ನಾದಿ, ಎರಡರಷ್ಟು ಉಬ್ಬಿದ ಮೇಲೆ ಮನುಷ್ಯನ ಆಕಾರ ಕೊಡುತ್ತಾರೆ. ಕೈಕಾಲು ತೆಳುವಾದರೆ ಹೊಟ್ಟೆ ಬೇಯುವಷ್ಟರಲ್ಲಿ ಕರಕಲಾಗುತ್ತವೆ, ಮೂರು ಸೆಂ.ಮೀ.ಗಿಂತ ದಪ್ಪವಿರಲಿ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರಿಂದ 35 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಮೇಬನ್ ಎರಡನೆಯ ಕೊಯ್ಲು. ಸೇಬನ್ನು ಅಡ್ಡಕ್ಕೆ ಕೊಯ್ದು, ಬೀಜದ ಗೂಡಿನ ಐದು ಮೂಲೆಯ ನಕ್ಷತ್ರ ತೋರಿಸಿ ಹಂಚುತ್ತಾರೆ. ಕಾಂಡದ ಕಡೆಯಿಂದ ಉದ್ದಕ್ಕೆ ಕೊಯ್ದರೆ ನಕ್ಷತ್ರ ಕಾಣದು. ಇಷ್ಟರಲ್ಲಿ ಪುಡಿಪುಡಿಯಾಗಿರುವ ಜೊಂಡಿನ ಶಿಲುಬೆ, ಒಣ ಹೂಮಾಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಿ, ತಂತಿ ಮತ್ತು ಪ್ಲಾಸ್ಟಿಕ್ ರಿಬ್ಬನ್ ಇದ್ದರೆ ಮೊದಲೇ ಕಿತ್ತುಬಿಡಿ. ಹೊರಗೆ ಬೆಂಕಿ ಹಾಕಿದ್ದರೆ ನೀರು ಸುರಿದು, ಬೂದಿ ಕೆದಕಿ, ಮತ್ತೆ ಸುರಿದು, ಕೈಯ ಹಿಂಬದಿ ಹತ್ತಿರ ಹಿಡಿದರೂ ಬಿಸಿ ತಾಗದಾದ ಮೇಲೆ ಹೊರಡಿ.