ಗುಳೆ ಹೋದ ಊರುಗಳಲ್ಲಿ ಭೂಕಂಪದ ನಂತರ ಮನೆ ಕಟ್ಟುವ ಕ್ರಮ

ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2021ರ ಅಕ್ಟೋಬರ್‌ನಲ್ಲಿ ನೆಲ ಮೇಲಿಂದ ಮೇಲೆ ಕಂಪಿಸಿದಾಗ ಅನೇಕ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಪುಣೆ, ಮುಂಬೈ, ಹೈದರಾಬಾದ್‌ಗಳಿಗೆ ಜನ ಗುಳೆ ಹೋಗುತ್ತಲೇ ಇರುವ ಈ ಭಾಗದಲ್ಲಿ ಮರುನಿರ್ಮಾಣದ ಲೆಕ್ಕವನ್ನು ಬಿದ್ದ ಮನೆಗಳಿಂದ ಆರಂಭಿಸಿದರೆ ಬೀಗ ಹಾಕಿದ ಹೊಸ ಮನೆಗಳೇ ಹೆಚ್ಚಾಗುತ್ತವೆ. ಆದ್ದರಿಂದ ಮೊದಲು ಊರಲ್ಲಿ ಉಳಿಯುವವರನ್ನು ಎಣಿಸಬೇಕು.

ಈ ಎಣಿಕೆಯನ್ನು ಯುಗಾದಿಗೋ ಊರ ಜಾತ್ರೆಗೋ ಇಟ್ಟುಕೊಂಡರೆ ಹೊರಗೆ ದುಡಿಯುವವರೂ ಸಿಗುತ್ತಾರೆ. ವರ್ಷವಿಡೀ ಇರುವವರು, ಹಂಗಾಮಿಗೆ ಬಂದು ಹೋಗುವವರು, ಮರಳುವ ಆಲೋಚನೆಯೇ ಇಲ್ಲದವರು ಎಂದು ಮೂರು ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಬೇಕು. ಅಜ್ಜನ ಹೆಸರಿನಲ್ಲೇ ಉಳಿದಿರುವ ಮನೆಗಳಿಗೆ ವಾರಸುದಾರರ ಹೆಸರು ಸೇರಿಸಿ ಪಂಚಾಯ್ತಿಯ ಇ-ಸ್ವತ್ತು ಆಸ್ತಿ ದಾಖಲೆಯನ್ನು ಆಗಲೇ ಸರಿಪಡಿಸಿಕೊಳ್ಳಬೇಕು. ಪರಿಹಾರ ಬಂದ ಮೇಲೆ ಈ ಕೆಲಸಕ್ಕೆ ಕೈಹಾಕಿದರೆ ಅಣ್ಣತಮ್ಮಂದಿರ ತಕರಾರು ಮುಗಿಯುವುದಿಲ್ಲ.

ಊರನ್ನೇ ಸ್ಥಳಾಂತರಿಸುವ ಸಲಹೆಗೆ ಸುಲಭವಾಗಿ ಒಪ್ಪಬಾರದು. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದ ಬಳಿಕ ನೆರೆಯ ಮಹಾರಾಷ್ಟ್ರದ ಲಾತೂರ್ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಐವತ್ತರಷ್ಟು ಹಳ್ಳಿಗಳನ್ನು ಹೊಸ ಜಾಗದಲ್ಲಿ ನೇರ, ಅಗಲ ರಸ್ತೆಗಳೊಂದಿಗೆ ಕಟ್ಟಲಾಯಿತು. ಹಲವೆಡೆ ಹೊಲ ದೂರವಾಯಿತು, ಓಣಿಯ ನೆರೆಹೊರೆ ಚದುರಿತು, ದನ ಕಟ್ಟಲು ಜಾಗ ಸಾಲದಾಯಿತು. ಕಡಿಮೆ ಹಾನಿಯಾದ ಹಳ್ಳಿಗಳಲ್ಲಿ ಮನೆಯವರೇ ಮುಂದೆ ನಿಂತು ಇದ್ದ ಜಾಗದಲ್ಲಿಯೇ ದುರಸ್ತಿ ಮಾಡಿಸಿಕೊಂಡ ಕ್ರಮವೇ ಜನ ಕಡಿಮೆಯಾಗುತ್ತಿರುವ ಊರುಗಳಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ದುರಸ್ತಿಯಲ್ಲಿ ಮುಖ್ಯವಾದದ್ದು ಗೋಡೆ. ನಮ್ಮ ಹಳೆಯ ಕಲ್ಲುಗೋಡೆಯಲ್ಲಿ ಒಳಗೊಂದು ಹೊರಗೊಂದು ಕಲ್ಲಿನ ವರಸೆ, ಅಂದರೆ ಸಾಲು, ಇದ್ದು, ನಡುವೆ ಮಣ್ಣು ಮತ್ತು ಚೂರುಗಲ್ಲು ಮಾತ್ರ ಇರುತ್ತದೆ. ನೆಲ ಅಲುಗಿದಾಗ ಎರಡೂ ವರಸೆಗಳು ಬಿಟ್ಟುಕೊಂಡು, ಉಬ್ಬಿ, ಕುಸಿಯುತ್ತವೆ. ಕಿಲ್ಲಾರಿಯಲ್ಲಿ ಸಾವಿರಾರು ಜನ ಇಂಥ ಮನೆಗಳ ಅಡಿಯಲ್ಲಿಯೇ ಸತ್ತರು. ಹೊಸ ಗೋಡೆಯ ದಪ್ಪ 45 ಸೆಂಟಿಮೀಟರ್ ಮೀರಬಾರದು. ಒಳಮೈಯಿಂದ ಹೊರಮೈವರೆಗೆ ಮುಟ್ಟುವ ಒಂದೇ ಉದ್ದ ಕಲ್ಲನ್ನು ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರ್‌ಗೆ, ಉದ್ದದಲ್ಲಿ ಹೆಚ್ಚೆಂದರೆ 1.2 ಮೀಟರ್‌ಗೊಂದರಂತೆ ಇಡಬೇಕು. ನಿಂತಿರುವ ಗೋಡೆಯಾದರೆ ಮಾಳಿಗೆಯ (ಮಣ್ಣು ಹೊದಿಸಿದ ಚಾವಣಿಯ) ತೊಲೆಗಳಿಗೆ ಆಸರೆ ಕೊಟ್ಟು, ಒಳಗಿನಿಂದ ಒಂದು ಕಲ್ಲನ್ನೂ ಅದರ ಎದುರಿಗೆ ಹೊರಗಿನಿಂದ ಇನ್ನೊಂದನ್ನೂ ನಿಧಾನವಾಗಿ ಸಡಿಲಿಸಿ ತೆಗೆದು, ನಡುವಿನ ಮಣ್ಣನ್ನು ಕೈಯಿಂದಲೇ ಕೆರೆದು, ಎರಡೂ ತುದಿ ಬಾಗಿಸಿದ ಸರಳನ್ನು ಇಟ್ಟು ಕಾಂಕ್ರೀಟ್ ತುಂಬಬೇಕು. ಅವಸರದ ಗೌಂಡಿ ಹಾರೆ ಎತ್ತಿದರೆ ತಡೆಯಬೇಕು, ಏಕೆಂದರೆ ಆ ಪೆಟ್ಟಿಗೆ ಪಕ್ಕದ ಕಲ್ಲುಗಳೂ ಸಡಿಲಾಗುತ್ತವೆ. ಈಗಾಗಲೇ ಉಬ್ಬಿದ ಭಾಗವನ್ನು ಇಳಿಸಿ ಮತ್ತೆ ಕಟ್ಟುವುದೇ ಸರಿ. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿಯುವ ಕಾಂಕ್ರೀಟ್ ಪಟ್ಟಿಯನ್ನು, ಖರ್ಚು ಎಷ್ಟೇ ಅನ್ನಿಸಿದರೂ, ಬಿಡಬಾರದು.

ಮಳೆಗಾಲಕ್ಕೆ ಮುನ್ನ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುತ್ತ ಬಂದು ಭಾರ ಬೆಳೆದಿರುತ್ತದೆ. ಹಳೆಯದನ್ನು ಕೆರೆದು ತೆಗೆದು, ಪ್ಲಾಸ್ಟಿಕ್ ಹಾಳೆ ಹಾಸಿ ತೆಳುವಾಗಿ ಮಣ್ಣು ಹರಡಿದರೆ ಭಾರ ಇಳಿಯುತ್ತದೆ, ಸೋರಿಕೆಯೂ ನಿಲ್ಲುತ್ತದೆ. ಬಿಗಿಯಿಲ್ಲದೆ ಹಾಸಿದ ಶಹಾಬಾದ್ ಫರ್ಸಿಯ ಮಾಳಿಗೆ ಮಲಗುವ ಕೋಣೆಗೆ ಬೇಡ.

ಯಾರೂ ಮಣ್ಣು ಹಾಕದ ಖಾಲಿ ಮನೆಯ ಮಾಳಿಗೆ ಮೊದಲು ಕೊಳೆಯುತ್ತದೆ, ಅದರ ಗೋಡೆ ಪಕ್ಕದ ಮನೆಯವರ ಮೇಲೆ ಬೀಳುತ್ತದೆ. ಒಡೆಯರ ಲಿಖಿತ ಒಪ್ಪಿಗೆ ಪಡೆದು ಅಂಥ ಗೋಡೆಯನ್ನು ಎದೆಮಟ್ಟಕ್ಕೆ ಇಳಿಸಿ, ಕಲ್ಲು ಮತ್ತು ತೊಲೆಗಳನ್ನು ಅವರ ಲೆಕ್ಕಕ್ಕೆ ಬರೆದಿಟ್ಟು ಊರ ದುರಸ್ತಿಗೆ ಬಳಸಬಹುದು. ಜಾಗದ ಹಕ್ಕು ಅವರದೇ ಇರಲಿ.

ಕೆಲಸವನ್ನು ತೊಗರಿ ರಾಶಿ ಮುಗಿದ ಮೇಲೆ ಹಿಡಿದು ಮುಂಗಾರಿಗೆ ಮುನ್ನ ಮುಗಿಸಬೇಕು. ಜನ ಕೂಲಿಗಾಗಿ ಹೊರಗೆ ಹೋಗುವುದೂ ಬಹುಮಟ್ಟಿಗೆ ಅದೇ ಕಾಲದಲ್ಲಿ, ಆದ್ದರಿಂದ ಗುತ್ತಿಗೆದಾರರಿಗೆ ಒಪ್ಪಿಸದೆ ಊರಿನ ಯುವಕರಿಗೇ ಗೌಂಡಿ ಕೆಲಸ ಕಲಿಸಿ, ವಾರವಾರ ಕೂಲಿ ಕೊಡುವ ಷರತ್ತನ್ನು ಗ್ರಾಮಸಭೆಯ ಠರಾವಿನಲ್ಲಿಯೇ ಬರೆಸಬೇಕು.